ಬಿಳಿ ಪಿಕಪ್‌ಗೆ ಮನೆಯಲ್ಲೇ ಪಾಲಿಶ್, ವ್ಯಾಕ್ಸ್: ಬಕೆಟ್ ಇಡುವುದರಿಂದ ಕೊನೆಯ ಒರೆಸುವವರೆಗೆ

ಶ್ರೀನಿವಾಸಪುರದ ಕಡೆ ಮಾವಿನ ಸೀಸನ್ ಮುಗಿಯುವಷ್ಟರಲ್ಲಿ ನಮ್ಮ ಬೊಲೆರೊ ಪಿಕಪ್ ಯಾವ ಬಣ್ಣದ್ದು ಅಂತ ನನಗೇ ಅನುಮಾನ ಬರುತ್ತದೆ. ಆರ್‌ಸಿ ಕಾರ್ಡಿನಲ್ಲಿ ಬಿಳಿ ಅಂತಿದೆ. ಆದರೆ ಡೋರಿನ ಕೆಳಗೆ ಕೆಂಪು ಮಣ್ಣು, ಬಾನೆಟ್ ಮೇಲೆ ಬೋರ್‌ವೆಲ್ ನೀರಿನ ಕಲೆ, ಕ್ಯಾಬಿನ್ ಮೇಲೆ ಮಾವಿನ ಸೊನೆ, ಹಿಂದಿನ ಬಾಡಿಯಲ್ಲಿ ಕೋಲಾರ ಮಾರ್ಕೆಟ್‌ಗೆ ಹೊತ್ತ ಟೊಮೆಟೊ ಕ್ರೇಟುಗಳಿಂದ ಸೋರಿದ ರಸ ಒಣಗಿ ಅಂಟಂಟು.

ಮೊದಲ ಸಲ ನಾನು ಮಾಡಿದ್ದು ಎಲ್ಲರೂ ಮಾಡುವುದನ್ನೇ. ಒಂದು ವ್ಯಾಕ್ಸ್ ಡಬ್ಬಿ ತಂದೆ, ಗಾಡಿಗೆ ಪೈಪ್ ಹಿಡಿದೆ, ಹಳೇ ಬನಿಯನ್‌ನಲ್ಲಿ ಒರೆಸಿದೆ, ಮೇಲೆ ವ್ಯಾಕ್ಸ್ ಮೆತ್ತಿದೆ. ಒಂದು ವಾರ ಹೊಳೆಯಿತು. ಆಮೇಲೆ ಸಂಜೆ ಬಿಸಿಲು ಓರೆಯಾಗಿ ಬಿದ್ದಾಗ ನೋಡಿದರೆ ಬಾನೆಟ್ ತುಂಬ ಜೇಡರ ಬಲೆಯಂಥ ಗೀರು. ಅಷ್ಟೂ ನನ್ನ ಬನಿಯನ್ನಿನ ಪ್ರಸಾದ! ವ್ಯಾಕ್ಸ್ ಹಚ್ಚುವುದು ಒಂದು ಗಂಟೆಯ ಕೆಲಸ, ಅದಕ್ಕೆ ಮುಂಚಿನ ತೊಳೆಯುವುದು, ಅಂಟಿದ್ದನ್ನು ಬಿಡಿಸುವುದೇ ಅಸಲಿ ಕೆಲಸ ಅಂತ ಅವತ್ತು ಗೊತ್ತಾಯಿತು.

ನಮ್ಮ ಡ್ರೈವರ್ ಕೇಳಿದ, "ಅಣ್ಣಾ, ಲೋಡ್ ಗಾಡಿಗೆ ಇಷ್ಟೊಂದು ಸೇವೆ ಯಾಕೆ?" ಕೇಳಿದ್ದು ಸರಿಯೇ. ಆದರೆ ವ್ಯಾಕ್ಸ್ ಇರುವ ಪೇಂಟ್ ಮೇಲೆ ಮಣ್ಣು ಗಟ್ಟಿಯಾಗಿ ಕೂರುವುದಿಲ್ಲ, ಅರ್ಧಕ್ಕರ್ಧ ನೀರಿಗೇ ಇಳಿದುಹೋಗುತ್ತದೆ. ಉಜ್ಜುವುದು ಕಮ್ಮಿಯಾದರೆ ಗೀರೂ ಕಮ್ಮಿ. ದುಡಿಯುವ ಗಾಡಿಗೆ ವ್ಯಾಕ್ಸ್ ಬೇಕಾಗಿರುವುದು ಅದಕ್ಕೆ. ಹೊಳಪು ಜೊತೆಗೆ ಸುಮ್ನೆ ಬರುತ್ತದೆ.

ನಿಮ್ಮ ಗಾಡಿಯ ಪೇಂಟ್ ಯಾವ ಥರದ್ದು?

ಇದನ್ನು ತಿಳಿಯದೆ ಪಾಲಿಶ್ ಮುಟ್ಟಬೇಡಿ. ಈಗಿನ ಕಾರುಗಳಲ್ಲಿ ಬಣ್ಣದ ಮೇಲೆ ಪಾರದರ್ಶಕವಾದ ಕ್ಲಿಯರ್ ಕೋಟ್ ಇರುತ್ತದೆ. ಲೋಡ್ ಗಾಡಿಗಳ ಸಾದಾ ಬಿಳಿಯಲ್ಲಿ ಎಷ್ಟೋ ಸಲ ಅದು ಇರುವುದಿಲ್ಲ, ಬಣ್ಣವೇ ಮೇಲಿನ ಪದರ. ಇದಕ್ಕೆ ಸಿಂಗಲ್ ಸ್ಟೇಜ್ ಅನ್ನುತ್ತಾರೆ. ಪರೀಕ್ಷೆ ಸುಲಭ. ಕಪ್ಪು ಬಟ್ಟೆ ಒದ್ದೆ ಮಾಡಿ, ಬಿಸಿಲಿಗೆ ಮಂಕಾದ ಜಾಗದಲ್ಲಿ ನಾಲ್ಕು ಸಲ ಉಜ್ಜಿ. ಸುಣ್ಣದ ಪುಡಿಯಂತೆ ಬಿಳಿ ಬಂದರೆ ಸಿಂಗಲ್ ಸ್ಟೇಜ್. ಪಾಲಿಶ್ ಹಾಕಿ ಪರೀಕ್ಷೆ ಮಾಡಬೇಡಿ, ಪಾಲಿಶ್ ತಾನೇ ಬಿಳಿ ಇರುತ್ತದೆ, ಬಿಳಿ ಗಾಡಿಯಲ್ಲಿ ಏನೂ ತಿಳಿಯುವುದಿಲ್ಲ. ಕ್ಲಿಯರ್ ಕೋಟ್ ಹಾಳಾಗುವ ರೀತಿಯೇ ಬೇರೆ, ಅದು ಹಾವು ಪೊರೆ ಬಿಟ್ಟ ಹಾಗೆ ಸಿಪ್ಪೆ ಏಳುತ್ತದೆ. ಹಾಗೆ ಎದ್ದಿದ್ದರೆ ಪಾಲಿಶ್‌ನಿಂದ ಪ್ರಯೋಜನ ಇಲ್ಲ, ಅಲ್ಲಿಗೆ ಪೇಂಟರೇ ಗತಿ.

ಫ್ಯಾಕ್ಟರಿ ಪೇಂಟ್ ಪೂರ್ತಿ ಸೇರಿ ಸುಮಾರು 100ರಿಂದ 150 ಮೈಕ್ರಾನ್ ದಪ್ಪ. ಅದರಲ್ಲಿ ಕ್ಲಿಯರ್ ಕೋಟ್ 35ರಿಂದ 50 ಮೈಕ್ರಾನ್, ಅಂದರೆ ನಮ್ಮ ತಲೆಕೂದಲಿಗಿಂತ ತೆಳ್ಳಗೆ. ಪ್ರತಿ ಸಲ ಪಾಲಿಶ್ ಮಾಡಿದಾಗ ಅದರಲ್ಲೇ ಸ್ವಲ್ಪ ಸವೆಯುತ್ತದೆ. ಇದು ನೆನಪಿದ್ದರೆ ಕೈ ತಾನೇ ಹಗುರವಾಗುತ್ತದೆ.

ಸಾಮಾನು, ಜಾಗ, ಹೊತ್ತು

ಕಾರ್ ಶಾಂಪೂ, ಎರಡು ಬಕೆಟ್, ಮೈಕ್ರೋಫೈಬರ್ ಕೈಗವಸು ಎರಡು, 350 ಜಿಎಸ್‌ಎಂ (ಚದರ ಮೀಟರಿಗೆ ಅಷ್ಟು ಗ್ರಾಂ ತೂಕ) ಆಸುಪಾಸಿನ ಮೈಕ್ರೋಫೈಬರ್ ಬಟ್ಟೆ ಏಳೆಂಟು, ಕ್ಲೇ ಬಾರ್ (ಪೇಂಟಿಗೆ ಅಂಟಿದ ಕಣಗಳನ್ನು ಎತ್ತಿ ತೆಗೆಯುವ ಜೇಡಿಮಣ್ಣಿನಂಥ ಮುದ್ದೆ) 100 ಗ್ರಾಂ, ಒಂದು ಸಾಫ್ಟ್ ಪಾಲಿಶ್, ಒಂದು ವ್ಯಾಕ್ಸ್, ಸ್ಪಂಜಿನ ಅಪ್ಲಿಕೇಟರ್ ಮೂರು, ಮಾಸ್ಕಿಂಗ್ ಟೇಪ್, ಹಳೇ ಟೂತ್‌ಬ್ರಷ್. 3ಎಂ, ಫಾರ್ಮುಲಾ 1, ಟರ್ಟಲ್ ವ್ಯಾಕ್ಸ್, ಮೆಗ್ವಾಯರ್ಸ್ ಎಲ್ಲ ನಮ್ಮಲ್ಲಿ ಸಿಗುತ್ತವೆ. ಯಾವುದು ತಂದರೂ ನಡೆಯುತ್ತದೆ, ಹಚ್ಚುವ ಕೈ ಮುಖ್ಯ. ದುಡ್ಡು ಉಳಿಸಬೇಕು ಅಂದರೆ ವ್ಯಾಕ್ಸ್‌ನಲ್ಲಿ ಉಳಿಸಿ, ಬಟ್ಟೆಯಲ್ಲಿ ಉಳಿಸಬೇಡಿ.

ಸರ್ಫ್, ಪಾತ್ರೆ ಸೋಪು, ವಾಷಿಂಗ್ ಸೋಡಾ ಬೇಡ. ಅವು ಜಿಡ್ಡು ತೆಗೆಯುವುದಕ್ಕೆ ಇರುವಂಥವು, ನಿಮ್ಮ ವ್ಯಾಕ್ಸ್ ಅವುಗಳ ಲೆಕ್ಕದಲ್ಲಿ ಇನ್ನೊಂದು ಜಿಡ್ಡು ಅಷ್ಟೇ. ಕೆಲವು ವಾಟರ್ ಸರ್ವಿಸ್‌ನಲ್ಲಿ ಕೊನೆಗೆ ಡೀಸೆಲ್ ಹೊಡೆದು ಮಿರಮಿರ ಮಿಂಚಿಸಿ ಕೊಡುತ್ತಾರಲ್ಲ, ಅದೂ ಬೇಡ. ಒಂದು ದಿನ ಹೊಳೆದು, ಮರುದಿನದಿಂದ ರಸ್ತೆಯ ಧೂಳನ್ನೆಲ್ಲ ಕರೆದು ಮೈಮೇಲೆ ಕೂರಿಸಿಕೊಳ್ಳುತ್ತದೆ. ರಬ್ಬರ್ ಬುಷ್‌ಗಳೂ ಉಬ್ಬಿ ಹಾಳಾಗುತ್ತವೆ.

ಜಾಗ ನೆರಳಲ್ಲಿರಬೇಕು, ಆದರೆ ಮರದ ನೆರಳು ಬೇಡ, ಮೇಲಿಂದ ಏನಾದರೂ ಬೀಳುತ್ತಲೇ ಇರುತ್ತದೆ. ಶೆಡ್ಡಿನಡಿ, ಇಲ್ಲದಿದ್ದರೆ ಬೆಳಿಗ್ಗೆ ಮನೆಯ ಪಡುವಣ ಗೋಡೆಯ ನೆರಳಲ್ಲಿ. ಅಂಗೈ ಹಿಂಭಾಗ ಬಾನೆಟ್‌ಗೆ ಇಟ್ಟು ನೋಡಿ, ತಣ್ಣಗಿದ್ದರೆ ಮಾತ್ರ ಶುರು. ಲೋಡ್ ಇಳಿಸಿ ಬಂದ ಗಾಡಿಯಾದರೆ ಎಂಜಿನ್ ಆರಲು ಒಂದೂವರೆ ಗಂಟೆ ಕೊಡಿ. ಒಬ್ಬರೇ ಮಾಡುವುದಾದರೆ ಎರಡು ಬೆಳಗ್ಗೆ ಇಟ್ಟುಕೊಳ್ಳಿ: ಮೊದಲ ದಿನ ತೊಳೆದು ಕಲೆ ತೆಗೆಯುವುದು, ಎರಡನೇ ದಿನ ಮೇಲೆ ಕೂತ ಧೂಳನ್ನು ಮತ್ತೆ ತೊಳೆದು ಪಾಲಿಶ್, ವ್ಯಾಕ್ಸ್.

ತೊಳೆಯುವುದು

ಚಕ್ರಗಳಿಂದ ಶುರು ಮಾಡಿ. ಕೊಳೆ ಜಾಸ್ತಿ ಇರುವುದು ಅಲ್ಲೇ, ಬಾಡಿ ತೊಳೆದ ಮೇಲೆ ಚಕ್ರಕ್ಕೆ ಹೋದರೆ ಆ ಕೊಳೆ ಮತ್ತೆ ಡೋರಿಗೆ ಸಿಡಿಯುತ್ತದೆ. ಮಡ್‌ಗಾರ್ಡ್ ಒಳಗೆ, ಪಟ್ಟಾ (ಲೀಫ್ ಸ್ಪ್ರಿಂಗ್) ಮೇಲೆ ಕೂತ ಮಣ್ಣನ್ನು ನೀರಿನ ರಭಸದಲ್ಲೇ ಇಳಿಸಿ. ಚಕ್ರದ ಬ್ರಷ್, ಚಕ್ರದ ಬಟ್ಟೆ ಚಕ್ರಕ್ಕೇ. ಅವನ್ನು ಪೇಂಟ್ ಹತ್ತಿರ ತರಬೇಡಿ.

ಆಮೇಲೆ ಕ್ಯಾಬಿನ್ ಮೇಲಿಂದ ಕೆಳಕ್ಕೆ ಬರೀ ನೀರು. ಈ ಹಂತದಲ್ಲಿ ಕೈ ಮುಟ್ಟಿಸಲೇ ಕೂಡದು, ಎಷ್ಟು ಮಣ್ಣು ತಾನಾಗಿ ಇಳಿಯುತ್ತದೋ ಇಳಿಯಲಿ. ಮಣ್ಣು ಗಟ್ಟಿಯಾಗಿದ್ದರೆ ಶಾಂಪೂ ನೀರನ್ನು ಸ್ಪ್ರೇ ಮಾಡಿ ಐದು ನಿಮಿಷ ನೆನೆಯಲು ಬಿಡಿ, ಒಣಗುವ ಮುಂಚೆ ಮತ್ತೆ ನೀರು ಹೊಡೆಯಿರಿ. ತೋಟದ ಸ್ಪ್ರೇಯರ್ ಇದಕ್ಕೆ ಚೆನ್ನಾಗಿರುತ್ತದೆ, ಆದರೆ ಹೊಸದೊಂದು ಬೇರೆ ಇಟ್ಟುಕೊಳ್ಳಿ. ಕಳೆನಾಶಕ, ಕೀಟನಾಶಕ ಹೊಡೆದ ಕ್ಯಾನನ್ನೇ ತಂದು ಗಾಡಿ ತೊಳೆಯುವುದು, ಮರುದಿನ ಅದೇ ಶಾಂಪೂ ಕ್ಯಾನನ್ನು ಟೊಮೆಟೊಗೆ ಹೊಡೆಯುವುದು ಎರಡೂ ಬೇಡ.

ಈಗ ಎರಡು ಬಕೆಟ್. ಒಂದರಲ್ಲಿ ಶಾಂಪೂ ನೀರು, ಇನ್ನೊಂದರಲ್ಲಿ ಬರೀ ನೀರು. ಕೈಗವಸನ್ನು ಶಾಂಪೂವಿನಲ್ಲಿ ಅದ್ದಿ, ಒಂದು ಭಾಗ ತೊಳೆದು, ಬರೀ ನೀರಿನಲ್ಲಿ ಚೆನ್ನಾಗಿ ಜಾಲಾಡಿ, ಆಮೇಲೆ ಮತ್ತೆ ಶಾಂಪೂ. ಕೊನೆಗೆ ಎರಡನೇ ಬಕೆಟ್‌ನ ತಳ ನೋಡಿ, ಒಂದು ಹಿಡಿ ಮರಳು ಕೂತಿರುತ್ತದೆ. ಒಂದೇ ಬಕೆಟ್ ಇಟ್ಟಿದ್ದರೆ ಆ ಮರಳಿನಲ್ಲೇ ಗಾಡಿ ಉಜ್ಜುತ್ತಿದ್ದೆವು. ನೇರ ಗೆರೆಯಲ್ಲಿ ಉಜ್ಜಿ, ಗುಂಡಗೆ ತಿರುಗಿಸಬೇಡಿ, ಒತ್ತಬೇಡಿ. ಕಿಟಕಿ ಮಟ್ಟದವರೆಗೆ ಒಂದು ಕೈಗವಸು, ಅದರ ಕೆಳಗೆ ಇನ್ನೊಂದು. ಕೈಗವಸು ನೆಲಕ್ಕೆ ಬಿತ್ತಾ? ಪೂರ್ತಿ ತೊಳೆಯುವವರೆಗೆ ಅದನ್ನು ಗಾಡಿಗೆ ಮುಟ್ಟಿಸಬೇಡಿ.

ನಮ್ಮ ಕಡೆಯ ನಿಜವಾದ ತೊಂದರೆ ನೀರು. ಬೋರ್‌ವೆಲ್‌ನ ಗಡಸು ನೀರು ಪೇಂಟ್ ಮೇಲೆ ಒಣಗಿದರೆ ನೀರು ಹೋಗಿ ಸುಣ್ಣ ಉಳಿಯುತ್ತದೆ, ಸ್ಟೀಲ್ ಬಿಂದಿಗೆ ಒಳಗೆ ಕಟ್ಟುವ ಬಿಳಿ ಪೊರೆಯಂಥದ್ದೇ. ನಾನು ಕಂಡುಕೊಂಡ ಉಪಾಯ: ಎಲ್ಲ ತೊಳೆಯುವುದು ಬೋರ್ ನೀರಲ್ಲಿ, ಕೊನೆಯ ಸುರಿಯುವಿಕೆಗೆ ಮಾತ್ರ ಊರಿನ ಶುದ್ಧ ನೀರಿನ ಘಟಕದ ಒಂದು 20 ಲೀಟರ್ ಕ್ಯಾನ್. ಅದರಲ್ಲಿ ಲವಣ ಕಮ್ಮಿ, ಕಲೆಯೂ ಕಮ್ಮಿ. ಮಳೆಗಾಲದಲ್ಲಿ ಸೂರಿನ ನೀರು ಹಿಡಿದಿಟ್ಟರೆ ಆ ಕ್ಯಾನೂ ಬೇಡ. ಹಾಗೆ ಮಾಡಿದರೂ ಗಾಡಿ ತಾನೇ ಒಣಗಲಿ ಅಂತ ಬಿಡಬೇಡಿ. ದೊಡ್ಡ ಮೈಕ್ರೋಫೈಬರ್ ಟವೆಲ್ ಹಾಸಿ, ಮೆಲ್ಲಗೆ ಎಳೆದು ನೀರು ಹೀರಿಸಿ. ಕನ್ನಡಿ, ಹ್ಯಾಂಡಲ್, ನಂಬರ್ ಪ್ಲೇಟ್ ಹಿಂದೆ ಅವಿತ ನೀರು ಆಮೇಲೆ ಸೋರುತ್ತದೆ, ಹತ್ತು ನಿಮಿಷ ಬಿಟ್ಟು ಮತ್ತೊಮ್ಮೆ ನೋಡಿ.

ಒಂದೊಂದು ಕಲೆಗೆ ಒಂದೊಂದು ಮದ್ದು

ಮಾವಿನ ಸೊನೆ ಎಲ್ಲಕ್ಕಿಂತ ಕೆಟ್ಟದ್ದು. ಹಣ್ಣಿನ ಸಿಪ್ಪೆಯನ್ನೇ ಸುಟ್ಟು ಕಪ್ಪು ಮಾಡುವಂಥದ್ದು ಪೇಂಟನ್ನು ಬಿಡುತ್ತದಾ? ಬಿದ್ದ ದಿನವೇ ತೆಗೆದರೆ ಬರೀ ನೀರು ಸಾಕು. ಒಣಗಿದ್ದರೆ ಬೆಚ್ಚಗಿನ ನೀರಲ್ಲಿ ಅದ್ದಿದ ಬಟ್ಟೆಯನ್ನು ಅದರ ಮೇಲೆ ಐದು ನಿಮಿಷ ಹಾಸಿ, ಮೆತ್ತಗಾದ ಮೇಲೆ ಒರೆಸಿ. ಆಗಲೂ ಬಿಡದಿದ್ದರೆ ಮೆಡಿಕಲ್ ಶಾಪಿನ ಸ್ಪಿರಿಟ್ ಬಟ್ಟೆಗೆ ಒಂದೆರಡು ಹನಿ, ಅಷ್ಟು ಜಾಗಕ್ಕೆ ಮಾತ್ರ, ಕೂಡಲೇ ನೀರು. ಇತ್ತೀಚೆಗೆ ಟಿಂಕರಿಂಗ್ ಆಗಿ ಹೊಸ ಪೇಂಟ್ ಬಿದ್ದ ಜಾಗಕ್ಕೆ ಸ್ಪಿರಿಟ್ ತಾಕಿಸಬೇಡಿ. ಉಗುರಲ್ಲಿ ಕೆರೆಯುವ ಆಸೆ ಬರುತ್ತದೆ, ತಡೆದುಕೊಳ್ಳಿ.

ಗಡಸು ನೀರಿನ ಕಲೆಗೆ ಬಿಳಿ ವಿನೆಗರ್, ಅಷ್ಟೇ ನೀರು ಬೆರೆಸಿ. ತಣ್ಣಗಿನ ಪೇಂಟ್ ಮೇಲೆ ಒಂದೆರಡು ನಿಮಿಷ ಬಟ್ಟೆ ಹಾಸಿ, ತೆಗೆದು, ಧಾರಾಳವಾಗಿ ನೀರು ಸುರಿಯಿರಿ. ಸುಣ್ಣ ಹೋದ ಮೇಲೂ ಬಳೆಯಂಥ ಗುರುತು ಉಳಿದಿದ್ದರೆ ಅದು ಪೇಂಟಿನೊಳಕ್ಕೆ ತಿಂದಿದೆ ಅಂತ ಅರ್ಥ, ಪಾಲಿಶ್‌ವರೆಗೆ ಕಾಯಿರಿ.

ಡಾಂಬರಿನ ಚುಕ್ಕೆಗೆ ಡಬ್ಲ್ಯೂಡಿ-40 ಅಥವಾ ಬಟ್ಟೆಯ ತುದಿಯಲ್ಲಿ ಚೂರು ಸೀಮೆಎಣ್ಣೆ, ಆಮೇಲೆ ಆ ಜಾಗಕ್ಕೆ ಶಾಂಪೂ.

ಬಿಳಿ ಗಾಡಿಯ ಡೋರಿನ ಕೆಳಭಾಗ, ಹಿಂಬದಿಯಲ್ಲಿ ಸಾಸಿವೆಗಿಂತ ಸಣ್ಣ ಕಿತ್ತಳೆ ಚುಕ್ಕೆಗಳು ಕಾಣುತ್ತವಲ್ಲ, ಗಾಡಿ ತುಕ್ಕು ಹಿಡಿಯಿತು ಅಂತ ಗಾಬರಿಯಾಗಬೇಡಿ. ಸಾಮಾನ್ಯವಾಗಿ ಅದು ಬ್ರೇಕಿನಿಂದ ಸವೆದು ಹಾರಿದ ಕಬ್ಬಿಣದ ಪುಡಿ, ಪೇಂಟಿಗೆ ಚುಚ್ಚಿಕೊಂಡು ಅಲ್ಲೇ ತುಕ್ಕು ಹಿಡಿದಿರುತ್ತದೆ. ಐರನ್ ರಿಮೂವರ್ ಅಂತ ಸ್ಪ್ರೇ ಬರುತ್ತದೆ, ಹೊಡೆದ ಮೇಲೆ ಕಬ್ಬಿಣ ಇದ್ದ ಕಡೆ ನೇರಳೆ ಬಣ್ಣದಲ್ಲಿ ಇಳಿಯುತ್ತದೆ. ನೋಡಲು ಚೆನ್ನಾಗಿರುತ್ತದೆ, ವಾಸನೆ ಮಾತ್ರ ಕೊಳೆತ ಮೊಟ್ಟೆ. ಗ್ಲೌಸ್ ಹಾಕಿ, ಮೂರು ನಾಲ್ಕು ನಿಮಿಷ ಬಿಡಿ, ಒಣಗುವ ಮುಂಚೆ ತೊಳೆಯಿರಿ.

ಕ್ಲೇ

ಕೈಗೆ ತೆಳ್ಳನೆಯ ಪ್ಲಾಸ್ಟಿಕ್ ಕವರ್ ಹಾಕಿಕೊಂಡು, ತೊಳೆದ ಬಾನೆಟ್ ಮೇಲೆ ಬೆರಳಾಡಿಸಿ. ಬರೀ ಕೈಗೆ ನುಣ್ಣಗಿದ್ದದ್ದು ಈಗ ಉಪ್ಪು ಕಾಗದದ ಥರ ತರಿತರಿ ಅನಿಸಿದರೆ ಕ್ಲೇ ಬೇಕು. ನುಣ್ಣಗೇ ಇದ್ದರೆ ಈ ಹಂತ ಬಿಡಿ.

ಕ್ಲೇಯಲ್ಲಿ ಅಂಗೈ ಅರ್ಧದಷ್ಟು ಮುರಿದು, ಬೆಚ್ಚಗಿನ ನೀರಲ್ಲಿ ಅದ್ದಿ, ಮುದ್ದೆ ಕಟ್ಟಿದ ಹಾಗೆ ಕಟ್ಟಿ ಚಪ್ಪಟೆ ಮಾಡಿ. ಎರಡಡಿ ಚೌಕದಷ್ಟು ಜಾಗಕ್ಕೆ ಶಾಂಪೂ ನೀರು ಧಾರಾಳವಾಗಿ ಸ್ಪ್ರೇ ಮಾಡಿ, ಕ್ಲೇಯನ್ನು ಒತ್ತದೆ ಜಾರಿಸುತ್ತ ಹೋಗಿ. ಮೊದಲು ಕರಕರ ಅನ್ನುತ್ತದೆ, ಆಮೇಲೆ ಸದ್ದು ನಿಂತು ಸಲೀಸಾಗಿ ಜಾರುತ್ತದೆ. ಆಗ ಆ ಜಾಗ ಮುಗಿಯಿತು. ಕ್ಲೇ ಕೊಳೆಯಾದಾಗ ಮಡಚಿ, ನಾದಿ, ಹೊಸ ಮುಖ ತೆಗೆಯಿರಿ. ಕೆಳಗೆ ಬಿದ್ದರೆ ಎಸೆಯಿರಿ, ತೊಳೆದರೆ ಸರಿಹೋಗುತ್ತೆ ಅನ್ನುವುದು ಇದರಲ್ಲಿ ನಡೆಯುವುದಿಲ್ಲ, ಕಲ್ಲಿನ ಕಣ ಒಳಗೆ ಹೂತಿರುತ್ತದೆ. ಮುಂಚೆಯೇ ಅರ್ಧ ಮುರಿದುಕೊಳ್ಳಿ ಅಂದದ್ದು ಇದಕ್ಕೇ. ಮುಗಿದ ಮೇಲೆ ಗಾಡಿ ಇನ್ನೊಮ್ಮೆ ತೊಳೆದು ಒರೆಸಿ.

ಪಾಲಿಶ್: ಎಲ್ಲರೂ ಎಡವುವ ಜಾಗ

ವ್ಯಾಕ್ಸ್ ಮತ್ತು ಪಾಲಿಶ್ ಒಂದೇ ಅಂದುಕೊಂಡವರು ಜಾಸ್ತಿ. ಪಾಲಿಶ್ ಪೇಂಟನ್ನು ಉಜ್ಜಿ ನುಣ್ಣಗೆ ಮಾಡುತ್ತದೆ, ವ್ಯಾಕ್ಸ್ ಮೇಲೆ ಕೂತು ಕಾಯುತ್ತದೆ. ರಬ್ಬಿಂಗ್ ಕಾಂಪೌಂಡ್ ಅಂದರೆ ಇನ್ನೂ ಒರಟು. ಮೊದಲು ಸಾಫ್ಟ್ ಪಾಲಿಶ್‌ನಲ್ಲೇ ನೋಡಿ, ಅದರಿಂದ ಆಗದಿದ್ದರೆ ಮಾತ್ರ ಕಾಂಪೌಂಡ್. ಗೀರಿನ ಮೇಲೆ ಉಗುರು ಅಡ್ಡ ಎಳೆಯಿರಿ. ಉಗುರು ಸಿಕ್ಕಿಕೊಂಡರೆ ಅದು ಪಾಲಿಶ್‌ಗೆ ಹೋಗುವ ಗೀರಲ್ಲ, ಟಚ್-ಅಪ್ ಪೇಂಟ್ ಹಚ್ಚಿ ಸುಮ್ಮನಾಗಿ.

ಕಪ್ಪು ಪ್ಲಾಸ್ಟಿಕ್, ರಬ್ಬರ್ ಬೀಡಿಂಗ್, ಸ್ಟಿಕರ್, ಡೋರಿನ ಅಂಚುಗಳಿಗೆ ಮಾಸ್ಕಿಂಗ್ ಟೇಪ್ ಹಚ್ಚಿ. ಹಿಂದೆ ಕೆಂಪು, ಪಕ್ಕಕ್ಕೆ ಹಳದಿ ರಿಫ್ಲೆಕ್ಟರ್ ಟೇಪ್ ಇದೆಯಲ್ಲ, ಅದನ್ನೂ ಮುಚ್ಚಿ. ಪಾಲಿಶ್ ತಾಗಿ ಅದು ಮಂಕಾದರೆ ರಾತ್ರಿ ಹೈವೇಯಲ್ಲೂ ತೊಂದರೆ, ಎಫ್‌ಸಿಗೆ (ಫಿಟ್‌ನೆಸ್ ಸರ್ಟಿಫಿಕೇಟ್) ಹೋದಾಗಲೂ ತೊಂದರೆ.

ಕೈಯಲ್ಲಿ ಮಾಡುವುದಾದರೆ ಅಪ್ಲಿಕೇಟರ್‌ಗೆ ಕಡಲೆಕಾಳಿನಷ್ಟು ಪಾಲಿಶ್ ನಾಲ್ಕು ಕಡೆ ಇಟ್ಟು, ಒಂದಡಿ ಚೌಕ ತೆಗೆದುಕೊಂಡು, ಉದ್ದಕ್ಕೆ ಒಮ್ಮೆ, ಅಡ್ಡಕ್ಕೆ ಒಮ್ಮೆ ಉಜ್ಜಿ. ಪಾಲಿಶ್ ತೆಳ್ಳಗೆ ಪಾರದರ್ಶಕವಾದಾಗ ನಿಲ್ಲಿಸಿ, ಒರೆಸಿ, ಮೊಬೈಲ್ ಟಾರ್ಚ್ ಓರೆಯಾಗಿ ಬಿಟ್ಟು ನೋಡಿ. ಮೊದಲ ಚೌಕ ಮನಸ್ಸಿಗೆ ಬಂದರೆ ಮಾತ್ರ ಉಳಿದ ಗಾಡಿಗೆ ಹೋಗಿ. ಪೂರ್ತಿ ಕ್ಯಾಬಿನ್ ಕೈಯಲ್ಲಿ ಮಾಡಿದರೆ ಭುಜ ಬಿದ್ದುಹೋಗುತ್ತದೆ, ಅದಂತೂ ಸುಳ್ಳಲ್ಲ. ನಾನು ಬಾನೆಟ್, ಎರಡು ಡೋರ್, ಮುಂದಿನ ಫೆಂಡರ್ ಅಷ್ಟೇ ಮಾಡುತ್ತೇನೆ. ಕ್ಯಾಬಿನ್ ಮೇಲ್ಭಾಗ ನೋಡುವವರು ಕಾಗೆಗಳು ಮಾತ್ರ.

ಸಿಂಗಲ್ ಸ್ಟೇಜ್ ಪೇಂಟಿನಲ್ಲಿ ಬಟ್ಟೆಗೆ ಬಣ್ಣ ಬಂದೇ ಬರುತ್ತದೆ, ಹೆದರಬೇಡಿ, ಬಿಸಿಲಿಗೆ ಸತ್ತ ಪದರ ಅದು. ಬಟ್ಟೆ ಬೇಗ ತುಂಬಿಕೊಳ್ಳುತ್ತದೆ, ಬದಲಿಸುತ್ತಿರಿ. ಸುಣ್ಣದಂತಿದ್ದ ಬಿಳಿ ಒಳಗಿಂದ ಹಾಲಿನ ಬಿಳಿಯಾಗಿ ಬರುವುದನ್ನು ನೋಡುವುದೇ ಒಂದು ಖುಷಿ.

ಮೆಷಿನ್ ಬೇಕು ಅಂದರೆ ಡ್ಯುಯಲ್ ಆಕ್ಷನ್ ಪಾಲಿಶರ್ (ಪ್ಯಾಡ್ ತಿರುಗುವುದರ ಜೊತೆಗೆ ಅತ್ತಿತ್ತ ಓಲಾಡುವಂಥದ್ದು) ತನ್ನಿ, ಹೊಸಬರ ಕೈಗೂ ಒಗ್ಗುತ್ತದೆ. ವೆಲ್ಡಿಂಗ್ ಶಾಪಿನ ಆ್ಯಂಗಲ್ ಗ್ರೈಂಡರ್‌ಗೆ ಉಣ್ಣೆಯ ಪ್ಯಾಡ್ ಸಿಕ್ಕಿಸಿಕೊಂಡು ಬರುವವರನ್ನು ನೋಡಿದ್ದೇನೆ. ಅದು ನಿಮಿಷಕ್ಕೆ 11,000 ಸುತ್ತಿನ ಆಸುಪಾಸಲ್ಲಿ ತಿರುಗುವಂಥದ್ದು, ಪಾಲಿಶ್‌ಗೆ ಬೇಕಾಗಿರುವುದು ಒಂದೆರಡು ಸಾವಿರ. ಬಾನೆಟ್ ಅಂಚಿನಲ್ಲಿ ಪೇಂಟ್ ತೆಳ್ಳಗಿರುತ್ತದೆ, ಅಲ್ಲಿ ಒಂದು ಕ್ಷಣ ನಿಂತರೂ ಸುಟ್ಟು ಪ್ರೈಮರ್ ಕಾಣುತ್ತದೆ. ನನ್ನ ಎಡ ಫೆಂಡರ್‌ನಲ್ಲಿ ಎರಡು ಬೆರಳಗಲ ಹಾಗೆ ಇದೆ, ಯಾರ ಕೈಚಳಕ ಅಂತ ಹೇಳುವುದಿಲ್ಲ.

ವ್ಯಾಕ್ಸ್

ಪಾಲಿಶ್‌ನ ಎಣ್ಣೆ ಉಳಿದಿದ್ದರೆ ವ್ಯಾಕ್ಸ್ ಹಿಡಿಯುವುದಿಲ್ಲ. ಹಾಗಾಗಿ ಐಸೊಪ್ರೊಪೈಲ್ ಆಲ್ಕೋಹಾಲ್‌ಗೆ ಎರಡು ಮೂರು ಪಾಲು ನೀರು ಬೆರೆಸಿ, ಹಗುರಾಗಿ ಒಮ್ಮೆ ಒರೆಸಿಕೊಳ್ಳಿ.

ಕಾರ್ನೌಬಾ ವ್ಯಾಕ್ಸ್ ಬರುವುದು ಈಶಾನ್ಯ ಬ್ರೆಜಿಲ್‌ನ ಒಂದು ಜಾತಿಯ ತಾಳೆಮರದ ಗರಿಗಳಿಂದ. ಅಲ್ಲಿನ ಒಣ ಹವೆಯಲ್ಲಿ ನೀರು ಆರಿಹೋಗದಂತೆ ಗರಿಯೇ ತನ್ನ ಮೇಲೆ ಹಚ್ಚಿಕೊಳ್ಳುವ ಮೇಣ ಅದು. ಕರಗಬೇಕಾದರೆ 80 ಡಿಗ್ರಿ ಸೆಲ್ಸಿಯಸ್ ದಾಟಬೇಕು. ಹೊಳಪು ಚೆಂದ, ಆದರೆ ಬಯಲಲ್ಲಿ ನಿಲ್ಲುವ ಗಾಡಿಯಲ್ಲಿ ಒಂದೂವರೆ ಎರಡು ತಿಂಗಳು ಬಂದರೆ ಹೆಚ್ಚು. ಸಿಂಥೆಟಿಕ್ ಸೀಲೆಂಟ್, ಅಂದರೆ ಕಾರ್ಖಾನೆಯಲ್ಲಿ ಮಾಡಿದ ಕೃತಕ ವ್ಯಾಕ್ಸ್, ಜಾಸ್ತಿ ದಿನ ತಡೆಯುತ್ತದೆ. ಲೋಡ್ ಗಾಡಿಗೆ ನನ್ನ ಓಟು ಸಿಂಥೆಟಿಕ್‌ಗೆ, ಮನೆಯ ಕಪ್ಪು ಕಾರಿಗೆ ಕಾರ್ನೌಬಾ.

ಎಷ್ಟು ಹಚ್ಚಬೇಕು? ಊಟಕ್ಕೆ ಉಪ್ಪಿನಕಾಯಿ ಎಷ್ಟೋ ಅಷ್ಟು. ದಪ್ಪ ಮೆತ್ತಿದರೆ ಕಾವಲು ಜಾಸ್ತಿಯಾಗುವುದಿಲ್ಲ, ಒರೆಸುವಾಗ ಕಣ್ಣೀರು ಜಾಸ್ತಿ. ಒದ್ದೆ ಅಪ್ಲಿಕೇಟರ್ ಹಿಂಡಿ, ಡಬ್ಬಿಯಲ್ಲಿ ಒಂದು ಸುತ್ತು ತಿರುಗಿಸಿ, ಒಂದು ಡೋರಿಗೆ ತೆಳ್ಳಗೆ ಸವರಿ. ಮಂಜು ಕವಿದ ಹಾಗೆ ಮಬ್ಬಾಗುತ್ತದೆ. ಐದು ಹತ್ತು ನಿಮಿಷ ಬಿಟ್ಟು ಬೆರಳಿಂದ ಒಂದು ಗೆರೆ ಎಳೆಯಿರಿ. ಗೆರೆ ಸ್ವಚ್ಛವಾಗಿ ಬಂದರೆ ಒರೆಸುವ ಹೊತ್ತು, ಮೆತ್ತಿಕೊಂಡರೆ ಇನ್ನಷ್ಟು ಕಾಯಿರಿ. ಒಂದು ಬಟ್ಟೆಯಲ್ಲಿ ಒರೆಸಿ, ಇನ್ನೊಂದು ಹೊಸ ಬಟ್ಟೆಯಲ್ಲಿ ಹೊಳಪು ಬರಿಸಿ. ಬಿಳಿ ಗಾಡಿಯಲ್ಲಿ ಎಲ್ಲಿ ಹಚ್ಚಿದೆ ಎಲ್ಲಿ ಬಿಟ್ಟೆ ಅಂತ ಕಾಣುವುದಿಲ್ಲ, ಮೂಲೆಯಿಂದ ಕ್ರಮವಾಗಿ ಹೋಗಿ. ಎರಡನೇ ಕೋಟ್ ಸಂಜೆಗೆ ಅಥವಾ ಮರುದಿನ. ಬಾನೆಟ್‌ಗೆ, ಕೆಸರು ಸಿಡಿಯುವ ಡೋರಿನ ಕೆಳಭಾಗಕ್ಕೆ ಖಂಡಿತ ಎರಡು ಕೋಟ್ ಕೊಡಿ.

ಹೊಸದಾಗಿ ಪೇಂಟ್ ಹೊಡೆಸಿದ್ದರೆ ಕಮ್ಮಿ ಅಂದರೂ ಒಂದೆರಡು ತಿಂಗಳು ವ್ಯಾಕ್ಸ್ ಬೇಡ. ಪೇಂಟಿನೊಳಗಿನ ಥಿನ್ನರ್ ಪೂರ್ತಿ ಆರಿಹೋಗಬೇಕು. ನಿಮ್ಮ ಪೇಂಟರ್ ಇನ್ನೂ ಹೆಚ್ಚು ದಿನ ಹೇಳಿದರೆ ಅವರ ಮಾತೇ ಸರಿ.

ಉಳಿದ ಚಿಲ್ಲರೆ ಕೆಲಸ

ಹಿಂದಿನ ಬಾಡಿಯ ಒಳಗೆ ವ್ಯಾಕ್ಸ್ ಹಚ್ಚಿ ಸಮಯ ಕಳೆಯಬೇಡಿ, ಒಂದು ಟ್ರಿಪ್ ಕ್ರೇಟಿಗೆ ಮುಗಿಯಿತು. ತುಕ್ಕು ಕಂಡಲ್ಲಿ ವೈರ್ ಬ್ರಷ್, ರೆಡ್ ಆಕ್ಸೈಡ್ ಪ್ರೈಮರ್, ಮೇಲೆ ಎನಾಮೆಲ್. ಟಾರ್ಪಾಲಿನ್ ಹಗ್ಗ ಉಜ್ಜುವ ಕಡೆ ಹಗ್ಗಕ್ಕೆ ಹಳೇ ಸೈಕಲ್ ಟ್ಯೂಬ್ ತೊಡಿಸಿ, ಯಾವ ವ್ಯಾಕ್ಸೂ ಮಾಡದ ಕೆಲಸ ಅದು ಮಾಡುತ್ತದೆ. ಕಪ್ಪು ಬಂಪರ್‌ಗೆ ವ್ಯಾಕ್ಸ್ ತಾಗಿ ಬಿಳಿಯಾಗಿದ್ದರೆ ಶಾಂಪೂ, ಟೂತ್‌ಬ್ರಷ್. ಟೈರ್ ಪಾಲಿಶ್ ಪಕ್ಕದ ಗೋಡೆಗೆ ಮಾತ್ರ, ರಸ್ತೆಗೆ ತಾಗುವ ಕಡೆ ಹಚ್ಚಿದರೆ ಜಾರುತ್ತದೆ.

ಮೈಕ್ರೋಫೈಬರ್ ಬಟ್ಟೆಗಳನ್ನು ಹತ್ತಿ ಬಟ್ಟೆ ಜೊತೆ ಒಗೆಯಬೇಡಿ, ನೂಲು ಅಂಟಿಕೊಳ್ಳುತ್ತದೆ. ಬಟ್ಟೆ ಮೆತ್ತಗಾಗಲು ಹಾಕುವ ಕಂಡೀಷನರ್ ಕೂಡ ಬೇಡ, ಎಳೆಗಳಿಗೆ ಮೆತ್ತಿಕೊಂಡು ನೀರು ಹೀರದ ಹಾಗೆ ಮಾಡುತ್ತದೆ.

ಆಯುಧ ಪೂಜೆ ದಿನ

ವರ್ಷಕ್ಕೊಂದು ಸಲ ಮಾತ್ರ ಈ ಇಡೀ ಕೆಲಸ ಮಾಡುವುದಾದರೆ ಮಹಾನವಮಿಗೆ ನಾಲ್ಕೈದು ದಿನ ಮುಂಚೆ ಮಾಡಿ ಮುಗಿಸಿ. ಹೊಳೆಯಲಿ ಅಂತ ಮಾತ್ರ ಅಲ್ಲ, ಅವತ್ತು ಪೇಂಟಿಗೆ ಬೀಳುವಷ್ಟು ಪೆಟ್ಟು ವರ್ಷವಿಡೀ ಬೀಳುವುದಿಲ್ಲ. ಬಾಳೆಕಂದನ್ನು ಅಂಟು ಟೇಪಿನಲ್ಲಿ ಪೇಂಟಿಗೆ ಹಚ್ಚಬೇಡಿ, ಬಂಪರ್‌ಗೋ ಕ್ಯಾರಿಯರ್‌ಗೋ ದಾರದಲ್ಲಿ ಕಟ್ಟಿ. ಹಾರದ ಕೆಳಗೆ ತಂತಿ ಇದ್ದರೆ ಬಟ್ಟೆಚೂರು ಸುತ್ತಿ. ಅರಿಶಿನ ಕುಂಕುಮವನ್ನು ಗಾಜಿಗೆ, ನಂಬರ್ ಪ್ಲೇಟಿನ ಮೇಲಿನ ಕಪ್ಪು ಪ್ಲಾಸ್ಟಿಕ್‌ಗೆ ಇಡಿ ಅಂದರೆ ನಮ್ಮಮ್ಮ ಒಪ್ಪುವುದಿಲ್ಲ, ಬಾನೆಟ್ ನಡುವೆಯೇ ಇಡಬೇಕು. ಇಡಲಿ. ವ್ಯಾಕ್ಸ್ ಇದ್ದರೆ ಬಣ್ಣ ಅಷ್ಟು ಬೇಗ ಒಳಗಿಳಿಯುವುದಿಲ್ಲ. ಮರುದಿನ ಒಣ ಬಟ್ಟೆಯಲ್ಲಿ ಉಜ್ಜಬೇಡಿ, ಮೊದಲು ನೀರು ಸುರಿದು ಪುಡಿ ಹೋಗಲಿ, ಆಮೇಲೆ ಶಾಂಪೂ. ಅರಿಶಿನದ ಹಳದಿ ಸ್ವಲ್ಪ ಉಳಿದರೂ ನಾಲ್ಕು ದಿನ ಬಿಸಿಲಿಗೆ ನಿಂತರೆ ತಾನೇ ಮಾಸುತ್ತದೆ. ಕುಂಕುಮ ಹಾಗಲ್ಲ, ಅದು ಉಳಿದ ಕಡೆ ಚೂರು ಸಾಫ್ಟ್ ಪಾಲಿಶ್, ಮೇಲೆ ಅಷ್ಟು ಜಾಗಕ್ಕೆ ಮತ್ತೆ ವ್ಯಾಕ್ಸ್.